ಎರಡು ಕೊಡ ನೀರು

"ಅಕ್ಕಾ, ನೀರು ಹಾಕೂಮುಂದ ಉಗುರು ತಾಗಸಬ್ಯಾಡ. ಹೂವು ಬಿಡಿಸೂಮುಂದ ಎಲಿ ಹರೀಬ್ಯಾಡ, ಚಿಗುರು ಮುರೀಬ್ಯಾಡ."

ಹೂವಿನ ಗಿಡವಾಗುವ ಹುಡುಗಿಯ ಕಥೆಯನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳಿದರೆ ಅದರ ಜೀವವೆಲ್ಲ ಇಷ್ಟರಲ್ಲಿದೆ. ಹುಡುಗಿ ಗಿಡವಾಗುವುದು ದೊಡ್ಡ ಸಂಗತಿಯೇ ಅಲ್ಲವೆಂಬಂತೆ ಹೇಳುವಾಕೆ ಅದನ್ನು ಒಂದೇ ಉಸಿರಿಗೆ ಮುಗಿಸುತ್ತಾಳೆ: ನೀರು ಸುರಿದಳು, ಗಿಡ ಆತು. ಆದರೆ ಸುರಿಯುವ ರೀತಿ, ಬಿಡಿಸುವ ರೀತಿ, ಮುಟ್ಟಬೇಕಾದ್ದು, ಮುಟ್ಟಬಾರದ್ದು ಎಂಬ ಕಡೆ ನಿಧಾನವಾಗುತ್ತಾಳೆ. ಈ ಕಥೆ ಮುಂದೆ ಪುಸ್ತಕವಾಯಿತು, ಸಿನಿಮಾ ಆಯಿತು, ವಿಯೆನ್ನಾದಲ್ಲಿ ಆಪೆರಾ ಆಯಿತು. ಮಾಯೆಗೆ ಎಷ್ಟು ಹೊತ್ತು, ಜೋಪಾನಕ್ಕೆ ಎಷ್ಟು ಹೊತ್ತು ಎಂಬ ಈ ಲೆಕ್ಕವನ್ನು ಒಂದೊಂದು ಕಲೆಯೂ ಬೇರೆಬೇರೆಯಾಗಿ ಮಾಡಿದೆ. ನನಗೆ ರುಚಿಸಿದ್ದು ಆ ಲೆಕ್ಕಾಚಾರ.

ಕಥೆ ಹೀಗಿದೆ. ಒಬ್ಬಳು ಬಡ ಮುದುಕಿ, ಇಬ್ಬರು ಹೆಣ್ಣುಮಕ್ಕಳು. ಅವ್ವ ಮಂದಿ ಮನೆಯಲ್ಲಿ ದುಡಿದು ಸಣ್ಣಗಾಗುವುದನ್ನು ನೋಡಲಾರದೆ ಕಿರಿಯವಳು ಅಕ್ಕನಿಗೆ ತನ್ನ ಗುಟ್ಟು ಬಿಚ್ಚುತ್ತಾಳೆ. ಎರಡು ಕೊಡ ನೀರು ತರಬೇಕು. ತಾನು ಮಿಂದು ದೇವರನ್ನು ನೆನೆದು ಕೂತಾಗ ಒಂದು ಕೊಡ ಸುರಿಯಬೇಕು, ಗಿಡವಾಗುತ್ತಾಳೆ. ಬೇಕಾದಷ್ಟು ಹೂ ಬಿಡಿಸಿಕೊಂಡು ಎರಡನೆಯ ಕೊಡ ಸುರಿಯಬೇಕು, ಮತ್ತೆ ಹುಡುಗಿಯಾಗುತ್ತಾಳೆ. ಆ ಹೂವಿನ ಮಾಲೆ ಕಟ್ಟಿ ಅರಮನೆಗೆ ಒಯ್ದು ಮಾರುತ್ತಾರೆ. ಜಗತ್ತಿನಲ್ಲಿ ಎಲ್ಲೂ ಇಲ್ಲದ ಘಮ. ರಾಜನ ಮಗ ಬೆನ್ನು ಹತ್ತಿ ಬಂದು, ಮರೆಯಲ್ಲಿ ನಿಂತು ಎಲ್ಲವನ್ನೂ ನೋಡಿ, ಅವಳನ್ನೇ ಮದುವೆಯಾಗುತ್ತಾನೆ. ಆದರೆ ಮದುವೆಯಾದ ಮೇಲೆ ಮಾತಾಡುವುದಿಲ್ಲ, ಮುಟ್ಟುವುದಿಲ್ಲ. ಏನು ಬೇಕು ಎಂದು ಅವಳೇ ಕೇಳಿದರೆ, ಗಿಡವಾಗು ಎನ್ನುತ್ತಾನೆ. ಅಲ್ಲಿಂದ ದಿನವೂ ಹೂವಿನ ಹಾಸಿಗೆ. ಬೆಳಗಾದರೆ ಕೋಣೆಯ ಹೊರಗೆ ಬಾಡಿದ ಹೂವಿನ ರಾಶಿ.

ಆ ರಾಶಿಯನ್ನು ನಾನು ಬಹಳ ಮೆಚ್ಚಿದ್ದೇನೆ. ಅವ್ವನ ಮನೆಯಲ್ಲಿ ಒಂದು ಹೂವೂ ಬಾಡಲಿಲ್ಲ. ಬಾಡುವ ಮೊದಲೇ ಮಾರಾಟವಾಗಿ ಅಕ್ಕಿ, ಬೇಳೆ ಆಗುತ್ತಿತ್ತು. ಅರಮನೆಯಲ್ಲಿ ಅದೇ ಹೂ ಗುಡಿಸಿ ಚೆಲ್ಲುವ ಕಸ. ಬಡತನ, ಸಿರಿತನ ಎಂದು ಹೇಳುವಾಕೆ ಒಂದು ಮಾತೂ ಆಡುವುದಿಲ್ಲ, ಬಾಗಿಲ ಹೊರಗಿನ ರಾಶಿ ತೋರಿಸಿ ಮುಂದೆ ಹೋಗುತ್ತಾಳೆ. ಆ ರಾಶಿಯೇ ಗುಟ್ಟು ರಟ್ಟು ಮಾಡುತ್ತದೆ. ನಾದಿನಿ ಅದನ್ನು ಕಂಡು, ಇಣುಕಿ ನೋಡಿ, ಒಂದು ದಿನ ಗೆಳತಿಯರ ಜೊತೆ ಅತ್ತಿಗೆಯನ್ನು ಸುರಹೊನ್ನೆ ತೋಪಿಗೆ ಜೋಕಾಲಿಯಾಡಲು ಕರೆದೊಯ್ಯುತ್ತಾಳೆ. ಗಿಡವಾಗು ಎಂದು ಪೀಡಿಸುತ್ತಾರೆ. ಬೇಡ ಎಂದರೂ ಬಿಡುವುದಿಲ್ಲ. ಹುಡುಗಿಯರ ಗದ್ದಲದಲ್ಲಿ ಎಲೆ ಹರಿಯುತ್ತದೆ, ಟೊಂಗೆ ಮುರಿಯುತ್ತದೆ. ಅಷ್ಟರಲ್ಲಿ ಮಳೆ ಬರುತ್ತದೆ. ಉಳಿದ ನೀರನ್ನು ಹೇಗೋ ಚೆಲ್ಲಿ ಓಡಿಹೋಗುತ್ತಾರೆ. ಅವಳು ಹುಡುಗಿಯೂ ಆಗಲಿಲ್ಲ, ಗಿಡವೂ ಉಳಿಯಲಿಲ್ಲ. ಕೈಕಾಲಿಲ್ಲದ ಒಂದು ಮೈ ಚರಂಡಿಯಲ್ಲಿ ಬಿದ್ದಿದೆ.

ಆಗ ಬರುತ್ತದೆ ಹತ್ತಿ ಗಾಡಿ. ಇಡೀ ಕಥೆಯಲ್ಲಿ ಒಂದೇ ಸಲ ಬಂದು ಹೋಗುವ ಗಾಡಿ ಅದು. ನರಳುವ ಸದ್ದು ಕೇಳಿ ಗಾಡಿಯವನು ಇಳಿಯುತ್ತಾನೆ. ನೋಡಿ, ತಲೆಯ ರುಮಾಲು ಬಿಚ್ಚಿ ಆ ಮೈಮೇಲೆ ಹಾಕುತ್ತಾನೆ. ಎತ್ತಿ ಗಾಡಿಯಲ್ಲಿ ಮಲಗಿಸಿಕೊಂಡು ಹೋಗಿ ಮುಂದಿನ ಊರಿನ ಹಾಳು ಮಂಟಪದಲ್ಲಿ ಇಳಿಸುತ್ತಾನೆ. ಹೆಸರಿಲ್ಲ, ಊರಿಲ್ಲ, ಮತ್ತೆ ಬರುವುದಿಲ್ಲ. ಶಿಗ್ಗಾವಿ, ಸವಣೂರಿನ ಎರಿಭೂಮಿಯ ಹಾದಿಗಳಲ್ಲಿ ಸುಗ್ಗಿಯ ಹೊತ್ತಿಗೆ ಹತ್ತಿ ಹೇರಿಕೊಂಡು ಸಾಲಾಗಿ ಹೋಗುವ ಗಾಡಿಗಳನ್ನು ಕಂಡವರಿಗೆ ಈ ಮನುಷ್ಯ ಗುರುತಿನವನೇ. ರಾಜಕುಮಾರ ಎಲ್ಲಿಯವನಾದರೂ ಆಗಬಹುದು, ಗಾಡಿಯವನು ಮಾತ್ರ ಈ ಮಣ್ಣಿನವನು. ಮುರಿದ ಮೈಗೆ ಹತ್ತಿಗಿಂತ ಮೆತ್ತನೆಯ ಹಾಸಿಗೆ ಎಲ್ಲಿದೆ? ಹೂವಿನ ಹಾಸಿಗೆಯಿಂದ ಹತ್ತಿಯ ಹಾಸಿಗೆಗೆ! ಇದನ್ನು ಯಾರೂ ಕೂತು ಯೋಚಿಸಿ ಬರೆದದ್ದಲ್ಲ. ಹೇಳುತ್ತ ಹೇಳುತ್ತ ಎಷ್ಟೋ ಹೆಂಗಸರ ಬಾಯಲ್ಲಿ ತಾನಾಗಿ ಕೂಡಿ ಬಂದದ್ದು.

ಕಥೆಯನ್ನು ಲೋಕಕ್ಕೆ ಒಯ್ದವರು ಎ. ಕೆ. ರಾಮಾನುಜನ್. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಪಾಠ ಹೇಳುತ್ತಿದ್ದ ಕಾಲದಿಂದಲೂ ಅವರು ಕನ್ನಡದ ಮನೆಮನೆಯ ಕಥೆಗಳನ್ನು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದರು. ಈ ಕಥೆಯ ಹಲವು ಪಾಠಗಳು ಅವರಿಗೆ ಸಿಕ್ಕವು. ಅವರು 1993ರಲ್ಲಿ ತೀರಿಕೊಂಡರು. ನಾಲ್ಕು ವರ್ಷದ ನಂತರ, ಕನ್ನಡದಲ್ಲಿ ಕೇಳಿದ 77 ಕಥೆಗಳ ಇಂಗ್ಲಿಷ್ ಸಂಕಲನ ಹೊರಬಂದಾಗ ಇಡೀ ಪುಸ್ತಕಕ್ಕೆ ಈ ಕಥೆಯ ಹೆಸರನ್ನೇ ಇಟ್ಟರು. ರಾಮಾನುಜನ್ ಇದನ್ನು ಹೆಂಗಸರ ಕಥೆ ಎಂದೇ ಓದಿದರು. ಹೆಂಗಸರು ಹೇಳುವ, ಹೆಂಗಸಿನ ಸುತ್ತ ತಿರುಗುವ, ಮದುವೆಯೊಂದಿಗೆ ಮುಗಿಯದೆ ಮದುವೆಯಿಂದಲೇ ತಾಪತ್ರಯ ಶುರುವಾಗುವ ಕಥೆ. ನಿಜವೇ. ಅವಳು ಎಷ್ಟು ಸಲ ಗಿಡವಾದಳೆಂದು ನೋಡುತ್ತ ಹೋದರೆ, ತಾನಾಗಿ ಮನಸ್ಸು ಮಾಡಿ ಆದದ್ದು ಮೊದಲಿಗೆ, ಅವ್ವನ ಸಲುವಾಗಿ. ಆಮೇಲಿನದೆಲ್ಲ ಒಬ್ಬರಲ್ಲ ಒಬ್ಬರ ಬಲವಂತ. ಆದರೂ ರಾಮಾನುಜನ್ ಅವರ ಅನುವಾದ ಓದುವಾಗ ನನಗೆ ಹಿತವೆನಿಸುವುದು ವಿಚಾರಕ್ಕಿಂತ ಅವರ ಕೈಯ ಹಗುರ. ಕವಿಯಾಗಿದ್ದವರು ಹೂವಿನ ವರ್ಣನೆಗೆ ಇಳಿಯಲು ಎಷ್ಟು ಆಸೆಯಾಗಿರಬೇಕು! ಇಳಿಯಲಿಲ್ಲ. ಉಗುರು ತಾಗಿಸಲಿಲ್ಲ.

ಗಿರೀಶ ಕಾರ್ನಾಡರು 1992ರಲ್ಲಿ ಈ ಕಥೆಯನ್ನು 'ಚೆಲುವಿ' ಎಂಬ ಚಿತ್ರ ಮಾಡಿದರು. ಕನ್ನಡದ ಕಥೆ, ಕನ್ನಡದ ಹೆಸರು, ಮಾತು ಹಿಂದಿ. ಸೋನಾಲಿ ಕುಲಕರ್ಣಿ ಮೊದಲು ತೆರೆಗೆ ಬಂದದ್ದು ಇದರಲ್ಲಿ. ಕಾರ್ನಾಡರು ಬಾಲ್ಯ ಕಳೆದದ್ದು ಶಿರಸಿಯಲ್ಲಿ, ಬೆಳೆದದ್ದು ಧಾರವಾಡದಲ್ಲಿ. ಎರಡರ ನಡುವೆ ಬರುವ ಹಾನಗಲ್ಲು, ಶಿಗ್ಗಾವಿಯ ಸೀಮೆ ಅವರಿಗೆ ಹೊಸದಲ್ಲ. ಚಿತ್ರದಲ್ಲಿ ರಾಜನೂ ಇಲ್ಲ, ಅರಮನೆಯೂ ಇಲ್ಲ. ರಾಜಕುಮಾರನ ಜಾಗದಲ್ಲಿ ಊರಗೌಡನ ಮಗ. ಹೀಗೆ ಮಾಡಿದ ಕೂಡಲೇ ಹೂವಿನ ಬೆಲೆ, ಸೊಸೆಯ ಅಂಜಿಕೆ, ಸಣ್ಣ ಮಕ್ಕಳ ಹಟ ಎಲ್ಲ ನಮ್ಮ ಓಣಿಯವಾಗುತ್ತವೆ.

ಆದರೆ ಸಿನಿಮಾಕ್ಕೆ ಒಂದು ಕಷ್ಟವಿದೆ. ಬಾಯಲ್ಲಿ ಹೇಳುವಾಗ ಗಿಡ ಯಾವುದು, ಹೂವಿನ ಬಣ್ಣ ಯಾವುದು ಎಂದು ಹೇಳಬೇಕಾಗಿಲ್ಲ. ಕೇಳುವವರು ತಮತಮಗೆ ಬೇಕಾದ ಗಿಡ ಬೆಳೆಸಿಕೊಳ್ಳುತ್ತಾರೆ. ಹಾನಗಲ್ಲಿನ ಮಗುವಿಗೆ ಅದು ಸಂಪಿಗೆ, ಸವಣೂರಿನ ಮಗುವಿಗೆ ದುಂಡುಮಲ್ಲಿಗೆ. ಕ್ಯಾಮೆರಾ ಒಂದೇ ಗಿಡ ತೋರಿಸಬೇಕು, ಅದನ್ನು ಎಲ್ಲರೂ ಒಪ್ಪಬೇಕು. ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಗಿಡವಾದ ಕ್ಷಣಕ್ಕಿಂತ, ಗಿಡವಾಗುವ ಮುಂಚೆ ಕಣ್ಣು ಮುಚ್ಚಿ ಕೂತ ಹುಡುಗಿಯ ಮುಖದಲ್ಲಿ ಹೆಚ್ಚು ಮಾಯೆ ಇದೆ. ಚಿತ್ರದ ಗಟ್ಟಿತನ ಇರುವುದು ಕೊನೆಯಲ್ಲಿ. ಕಥೆಯಲ್ಲಿ ಹುಡುಗಿ ಮತ್ತೆ ಇಡಿಯಾಗುತ್ತಾಳೆ, ಕಾರ್ನಾಡರು ಅವಳನ್ನು ಇಡಿಯಾಗಿಸಲು ಒಪ್ಪಲಿಲ್ಲ. ಮುರಿದದ್ದನ್ನು ಜೋಡಿಸಬೇಕಾದರೆ ಟೊಂಗೆ ಸಿಗಬೇಕಲ್ಲ? ಕಾಡೇ ಉಳಿದಿಲ್ಲ. ಆ ವರ್ಷದ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಪರಿಸರ ಸಂರಕ್ಷಣೆಯ ಅತ್ಯುತ್ತಮ ಚಿತ್ರವೆಂದು ಮನ್ನಣೆ ಸಿಕ್ಕಿತು. ಯೋಗ್ಯವಾದ ಮನ್ನಣೆ. ಹಾಗಿದ್ದರೂ ಕಥೆ ಹೇಳುವ ಅಜ್ಜಿಯ ಕಡೆಯಿಂದ ನನ್ನದೊಂದು ತಕರಾರು ಇದೆ. ಅವಳು ಕಥೆಯನ್ನು ಮುಗಿಸುವುದು ಮಲಗುವ ಮಗುವಿಗಾಗಿ, ತೀರ್ಪು ಹೇಳಲಿಕ್ಕಲ್ಲ. ಹುಡುಗಿಯನ್ನು ಚರಂಡಿಯಲ್ಲೇ ಬಿಟ್ಟು ದೀಪ ಆರಿಸುವ ಅಜ್ಜಿಯನ್ನು ನಾನಂತೂ ಕಂಡಿಲ್ಲ.

ರಾಮಾನುಜನ್ ಹೇಳಿದ ಬೇರೆ ಎರಡು ಕಥೆಗಳಿಂದ ಕಾರ್ನಾಡರು 'ನಾಗಮಂಡಲ' ನಾಟಕ ಕಟ್ಟಿದರು. ನಾಗಾಭರಣರು ಅದನ್ನು 1997ರಲ್ಲಿ ಸಿನಿಮಾ ಮಾಡಿದಾಗ ಉತ್ತರ ಕರ್ನಾಟಕದ ಮಾತು, ಸಿ. ಅಶ್ವತ್ಥರ ಸಂಗೀತ ಎರಡೂ ಕೂಡಿ ಬಂದವು. ಅಲ್ಲಿ ಮನೆಮನೆಯ ದೀಪದ ಕುಡಿಗಳು ರಾತ್ರಿ ಒಂದೆಡೆ ಸೇರಿ ಮಾತಾಡುವ ನಾಟಕದ ಉಪಾಯ ಇದೆಯಲ್ಲ, ಅದು ಕಥೆ ಹೇಳುವ ಹೆಂಗಸರನ್ನೇ ರಂಗದ ಮೇಲೆ ತಂದ ಹಾಗೆ. 'ಚೆಲುವಿ'ಗೆ ಅಂಥ ನಾಟಕದ ಮಜಲು ಸಿಗಲಿಲ್ಲ. ಬಾಯಿಂದ ನೇರ ತೆರೆಗೆ ಜಿಗಿಯಿತು.

ಇನ್ನು ವಿಯೆನ್ನಾ. ಮೊಜಾರ್ಟ್ ಹುಟ್ಟಿ 250 ವರ್ಷವಾದ 2006ರಲ್ಲಿ ಅಲ್ಲಿ ದೊಡ್ಡ ಉತ್ಸವ. ಅದಕ್ಕಾಗಿ ರಂಗನಿರ್ದೇಶಕ ಪೀಟರ್ ಸೆಲ್ಲರ್ಸ್ ಹೊಸ ಕೃತಿಗಳನ್ನು ಬರೆಸಿದರು. ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ಮೊಜಾರ್ಟನ ಕೊನೆಯ ವರ್ಷದ ಆಪೆರಾ 'ಮಾಯಾ ಕೊಳಲ'ನ್ನು ಮನಸ್ಸಿನಲ್ಲಿಟ್ಟುಕೊಂಡು, ಕಷ್ಟಗಳನ್ನು ದಾಟಿ ಒಂದಾಗುವ ಎಳೆಯ ಜೋಡಿಯ ಕಥೆ ಹುಡುಕುತ್ತಿದ್ದವರು ಕೊನೆಗೆ ಕೈಗೆತ್ತಿಕೊಂಡದ್ದು ಕನ್ನಡದ ಹೆಂಗಸರ ಈ ಕಥೆಯನ್ನು. ಅದೇ ವರ್ಷ ನವೆಂಬರ್ 14ರಂದು ಮೊದಲ ಪ್ರದರ್ಶನ. ಹಾಡುವವರು ಮೂರೇ ಜನ: ಹುಡುಗಿ, ರಾಜಕುಮಾರ, ಕಥೆ ಹೇಳುವವನು. ಹುಡುಗಿಗೆ ಕುಮುದಾ ಎಂದು ಹೆಸರಿಟ್ಟಿದ್ದಾರೆ. ಜೊತೆಗೆ ಜಾವಾದ ಮೂವರು ನರ್ತಕರು. ಮೇಳದವರು ವೆನೆಜುವೆಲಾದಿಂದ ಬಂದವರಾದ್ದರಿಂದ ಮೇಳದ ಹಾಡು ಸ್ಪ್ಯಾನಿಷ್‌ನಲ್ಲಿ. ನೋಡಿ, ಎಲ್ಲಿಯ ಮುದುಕಿ, ಎಲ್ಲಿಯ ಕೊಡ!

ಆಡಮ್ಸ್ ಲೆಕ್ಕಾಚಾರ ಅಜ್ಜಿಯದಕ್ಕೆ ಪೂರ್ತಿ ತಿರುವುಮುರುವು. ಅವಳು ಒಂದು ಮಾತಿನಲ್ಲಿ ದಾಟಿದ್ದನ್ನು ಅವನು ಎಳೆ ಎಳೆಯಾಗಿ ಬಿಡಿಸುತ್ತಾನೆ. ಹುಡುಗಿ ಪ್ರಾರ್ಥಿಸುತ್ತಾಳೆ, ನೀರು ಬೀಳುತ್ತದೆ, ತಂತಿವಾದ್ಯಗಳು ಒಂದು ಸ್ವರ ಹಿಡಿದು ನಡುಗತೊಡಗುತ್ತವೆ, ಮೇಳ ಮೆಲ್ಲಗೆ ಏರುತ್ತದೆ. ಕೇಳುತ್ತ ಕೂತರೆ ಗಿಡ ಬೆಳೆಯುವುದಕ್ಕೂ ಸ್ವರ ಬೆಳೆಯುವುದಕ್ಕೂ ಬೇಕಾದ ಹೊತ್ತು ಒಂದೇ ಎನ್ನಿಸುತ್ತದೆ. ಸಿನಿಮಾಕ್ಕೆ ಕಾಡಿದ ಕಷ್ಟ ಸಂಗೀತಕ್ಕೆ ಇಲ್ಲ, ಏಕೆಂದರೆ ಸಂಗೀತ ಯಾವ ಗಿಡವನ್ನೂ ತೋರಿಸಬೇಕಾಗಿಲ್ಲ. ಹಾನಗಲ್ಲಿನ ಮಗುವಿನ ಸಂಪಿಗೆ ಅಲ್ಲಿಯೂ ಸುರಕ್ಷಿತ. ಆದರೆ ಉಗುರು, ಎಲೆ, ಚಿಗುರಿನ ಆ ಎಚ್ಚರಿಕೆಯ ಮಾತುಗಳು ವಾದ್ಯವೃಂದದ ಹೊಳೆಯಲ್ಲಿ ತೇಲಿಹೋಗುತ್ತವೆ. ಮಾಯೆ ದಕ್ಕಿತು, ಜೋಪಾನ ಸ್ವಲ್ಪ ಸೋರಿತು.

ಅಂಗಹೀನಳಾದ ಹುಡುಗಿಯ ವಿಷಯದಲ್ಲಿ ಮಾತ್ರ ಆಡಮ್ಸ್ ಒಂದು ಧೈರ್ಯ ಮಾಡಿದ್ದಾನೆ. ನಮ್ಮ ಕಥೆಯಲ್ಲಿ ಅವಳಿಗೆ ಮಾತು ನಿಂತುಹೋಗುತ್ತದೆ, ನರಳುವುದೊಂದೇ. ಆಪೆರಾದಲ್ಲಿ ಹತ್ತಿ ಗಾಡಿ ಬರುವುದಿಲ್ಲ. ಊರೂರು ಅಲೆಯುವ ಬೇಡುವ ಹಾಡುಗಾರರ ಗುಂಪು ಬಂದು ಅವಳನ್ನು ಎತ್ತಿಕೊಳ್ಳುತ್ತದೆ. ಮೈ ಹೋದರೂ ದನಿ ಉಳಿದಿದೆ, ಅವರೊಡನೆ ಹಾಡುತ್ತಾಳೆ. ಆಪೆರಾ ಎಂಬ ಕಲೆ ತನ್ನ ನಾಯಕಿಯಿಂದ ಏನೆಲ್ಲ ಕಸಿದುಕೊಂಡರೂ ಕಂಠ ಕಸಿಯಲಾರದು ಎಂದು ನಕ್ಕುಬಿಡಬಹುದು. ಆದರೆ ಹಾನಗಲ್ಲ ತಾಲ್ಲೂಕಿನವರು ಅಷ್ಟು ಸುಲಭಕ್ಕೆ ನಗಲಾರರು. ಇದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, ಇದೇ ಸೀಮೆಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ಇಬ್ಬರಿಗೂ ಕಣ್ಣಿರಲಿಲ್ಲ. ಪಂಚಾಕ್ಷರಿ ಗವಾಯಿಗಳು ಗದುಗಿನಲ್ಲಿ ನೆಲೆ ನಿಲ್ಲುವ ಮುಂಚೆ ಸಂಗೀತದ ಪಾಠಶಾಲೆಯನ್ನೇ ಕಟ್ಟಿಕೊಂಡು ಊರೂರು ತಿರುಗಿದವರು. ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳು ಅವರ ಜೊತೆಗೆ ನಡೆದು, ಬಂದ ಭಿಕ್ಷೆಯಲ್ಲಿ ಉಂಡು, ಸ್ವರ ಕಲಿತರು. ಅನ್ನಕ್ಕಾಗಿ ಮುಂದೆ ನಾಟಕ ಕಂಪನಿಯೂ ಆಯಿತು. ಕುಮುದಾಳನ್ನು ಎತ್ತಿಕೊಂಡ ಹಾಡುಗಾರರ ಗುಂಪನ್ನು ಆಡಮ್ಸ್ ಕಲ್ಪಿಸಿಕೊಂಡ. ನಮ್ಮ ಜನ ಅದನ್ನು ಕಣ್ಣಾರೆ ಕಂಡು ಜೋಳಿಗೆಗೆ ಜೋಳ ಹಾಕಿದ್ದಾರೆ.

ಪಶ್ಚಿಮದಲ್ಲಿ ಹೆಣ್ಣು ಮರವಾಗುವ ಕಥೆಯೆಂದರೆ ಡಾಫ್ನೆಯದು. ಅಪೋಲೋ ಅಟ್ಟಿಸಿಕೊಂಡು ಬಂದಾಗ ತಪ್ಪಿಸಿಕೊಳ್ಳಲು ಮರವಾಗಿ ನಿಂತವಳು. ಬರ್ನಿನಿ 1622ರಿಂದ 1625ರವರೆಗೆ ಕಡೆದ ಅಮೃತಶಿಲೆಯ ಮೂರ್ತಿ ರೋಮಿನಲ್ಲಿದೆ: ಬೆರಳ ತುದಿಯಲ್ಲಿ ಎಲೆ ಒಡೆಯುತ್ತಿದೆ, ಕಾಲ್ಬೆರಳು ಬೇರಾಗುತ್ತಿದೆ, ಬಾಯಿ ಇನ್ನೂ ತೆರೆದೇ ಇದೆ. ಕಲ್ಲು ಇಷ್ಟು ತೆಳ್ಳಗಾಗಬಲ್ಲುದೇ ಎಂದು ನೋಡುವವರು ಬೆರಗಾಗುತ್ತಾರೆ. ರಿಚರ್ಡ್ ಸ್ಟ್ರಾಸ್ 1938ರಲ್ಲಿ ಅದನ್ನೇ ಆಪೆರಾ ಮಾಡಿ, ಕೊನೆಗೆ ಮರದೊಳಗಿಂದ ಬರುವ ಪದಗಳಿಲ್ಲದ ಬರೀ ದನಿಯಲ್ಲಿ ನಿಲ್ಲಿಸಿದ. ಎರಡೂ ಅಪ್ಪಟ ಕೃತಿಗಳು. ಆದರೆ ಡಾಫ್ನೆಗೆ ಎರಡನೆಯ ಕೊಡ ಇಲ್ಲ. ಅವಳು ಹೋದವಳು ಹೋದಳು. ನಮ್ಮ ಹುಡುಗಿ ಅಂಜಿಕೆಯಿಂದ ಅಲ್ಲ, ಅವ್ವನ ಮೇಲಿನ ಅಂತಃಕರಣದಿಂದ ಗಿಡವಾಗುತ್ತಾಳೆ, ಸಂಜೆ ಅಡುಗೆಯ ಹೊತ್ತಿಗೆ ಮನೆಯಲ್ಲಿರುತ್ತಾಳೆ. ತಿರುಗಿ ಬರುವ ಈ ದಾರಿ ಇರುವುದರಿಂದಲೇ ಟೊಂಗೆ ಮುರಿದಾಗ ಎದೆ ಝಲ್ಲೆನ್ನುತ್ತದೆ.

ಕಲ್ಲಿನಲ್ಲಿ ಹೂವಿಗೆ ನಮ್ಮಲ್ಲೂ ಕೊರತೆಯಿಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಮಂಟಪದಲ್ಲಿ ನಿಂತು ಕತ್ತು ಎತ್ತಿದರೆ ಎಂಟು ಮೂಲೆಯ ಛತ್ತಿನ ನಡುವಿನಿಂದ ಸುತ್ತು ಸುತ್ತಾಗಿ ಕೆಳಗಿಳಿಯುವ ತಾವರೆ. ಬಾಡುವ ಗೊಡವೆಯಿಲ್ಲದ ಹೂವು. ಚೆಲುವಾಗಿದೆ. ಆದರೆ ಅದನ್ನು ಮಾರಿ ಅವ್ವನಿಗೆ ಸೀರೆ ತರಲಾಗದು. ಹಿರೇಕೆರೂರ ಸೀಮೆಯ ಮದಗದ ಕೆರೆಯ ಕೆಂಚಮ್ಮ, ಹಾಡುಗಳಲ್ಲಿ ಕೆರೆಗೆ ಹಾರವಾದ ಸೊಸೆ ಭಾಗೀರಥಿ, ಇವರೂ ಈ ಹುಡುಗಿಯ ಓರಗೆಯವರೇ. ಅಲ್ಲಿ ನೀರು ಹೆಣ್ಣನ್ನು ನುಂಗುತ್ತದೆ, ಇಲ್ಲಿ ಕೊಡದ ನೀರು ಹೆಣ್ಣನ್ನು ಮರಳಿ ಕೊಡುತ್ತದೆ.

ಮರಳಿ ಕೊಡುವ ಆ ಕೊನೆಯ ದೃಶ್ಯ ನನಗೆ ಕಥೆಯ ಶಿಖರ. ಹೆಂಡತಿಯನ್ನು ಹುಡುಕುತ್ತ ಬೈರಾಗಿಯಾಗಿ ಅಲೆದ ರಾಜಕುಮಾರ ತನ್ನ ಅಕ್ಕನ ಊರಿಗೆ ಬಂದು ಬಿದ್ದಿದ್ದಾನೆ. ಯಾರೊಡನೆಯೂ ಮಾತಿಲ್ಲ. ಮಂಟಪದಲ್ಲಿ ಬಿದ್ದಿದ್ದ ಮೈಯನ್ನು ದಾಸಿಯರು ತಂದು ಎಣ್ಣೆ ಹಚ್ಚಿ ಆರೈಕೆ ಮಾಡಿ, ಅವನ ಕೋಣೆಗೆ ಬಿಡುತ್ತಾರೆ. ಮೋಟು ಕೈಯಿಂದ ಅವನ ಕಾಲು ಒತ್ತುತ್ತಾಳೆ. ಅವನು ಎದ್ದು, ಬಗ್ಗಿ, ಗುರುತು ಹಿಡಿಯುತ್ತಾನೆ. ಒಂದು ಕೊಡ ಸುರಿದಾಗ ಗಿಡ ಬರುತ್ತದೆ, ಮುರಿದ ಗಿಡ. ಜೋತುಬಿದ್ದ ಟೊಂಗೆಗಳನ್ನು ಒಂದೊಂದಾಗಿ ಎತ್ತಿ ಕೂಡಿಸುತ್ತಾನೆ, ಎಲೆಗಳನ್ನು ಸರಿಮಾಡುತ್ತಾನೆ, ಆಮೇಲೆ ಎರಡನೆಯ ಕೊಡ. ಹೂವಿನ ಹಾಸಿಗೆ ಬಯಸಿದ್ದ ಕೈ ಈಗ ಹೂವಿನ ಕಡೆಗೆ ನೋಡುವುದೇ ಇಲ್ಲ. ಉಗುರು ತಾಗಿಸಬೇಡ ಎಂಬ ಮಾತು ಅವನಿಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಇದೆಲ್ಲ ಕಥೆಯಲ್ಲಿ ಮಾತ್ರ ಎನ್ನುವವರು ಸವಣೂರಿಗೆ ಹೋಗಿಬರಬೇಕು. ಅಲ್ಲಿನ ದೊಡ್ಡಹುಣಸೆ ಮಠದಲ್ಲಿ ಆಫ್ರಿಕಾ ಮೂಲದ ಮೂರು ದೈತ್ಯ ಮರಗಳಿವೆ. 2023ರ ಮಳೆಗಾಲದಲ್ಲಿ ಒಂದು ಬೇರುಸಹಿತ ಉರುಳಿತು. ಕಡಿದು ಸಾಗಿಸುವ ಬದಲು ಕ್ರೇನು ತರಿಸಿ, ಎತ್ತಿ, ಗುಂಡಿ ತೋಡಿ ಮತ್ತೆ ನಿಲ್ಲಿಸಿದರು. ಅದು ಚಿಗುರಿತು.

ಪುಸ್ತಕ, ಸಿನಿಮಾ, ಆಪೆರಾ ಎಲ್ಲ ಆದರೂ ಈ ಕಥೆ ತನ್ನ ಸೀಮೆಯ ಆಟವಾಗಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬೇಕಾದ್ದೆಲ್ಲ ಸುತ್ತಮುತ್ತಲೇ ಇದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯ. ಅದೇ ಊರಿನ ಉತ್ಸವ ರಾಕ್ ಗಾರ್ಡನ್ ಕಟ್ಟಿದ ಕಲಾವಿದ ಟಿ. ಬಿ. ಸೊಲಬಕ್ಕನವರ ದೊಡ್ಡಾಟಕ್ಕಾಗಿ ಜೀವ ತೇಯ್ದವರು. ಹಾನಗಲ್ಲ ತಾಲ್ಲೂಕಿನ ಶೇಷಗಿರಿ ಎಂಬ ಸಣ್ಣ ಊರಿನಲ್ಲಿ ಹವ್ಯಾಸಿ ನಟರ ತಂಡವೂ ಇದೆ, ರಂಗಮಂದಿರವೂ ಇದೆ. ದೊಡ್ಡಾಟದ ಕಿರೀಟ, ಭುಜಕೀರ್ತಿಯ ಅಬ್ಬರ ಈ ಹುಡುಗಿಗೆ ಭಾರವಾದೀತು. ಸಣ್ಣಾಟದ ಹದ ಸರಿ. ಸಂಗ್ಯಾ ಬಾಳ್ಯಾ ಆಡಿದ ಮಟ್ಟಿನಲ್ಲಿ ಮಾತು, ಹಾಡು, ಹಿಮ್ಮೇಳ. ಗಿಡದ ಕಟೌಟು ಬೇಡ, ಬಣ್ಣದ ದೀಪ ಬೇಡ. ಒಬ್ಬಳು ಹಸಿರು ಇಳಕಲ್ ಸೀರೆಯ ಸೆರಗು ಹೊದ್ದು ಕೂತರೆ ಸಾಕು, ಹೂವು ಬಿಡಿಸುವ ಅಕ್ಕನ ಬೆರಳು ನೋಡಿಯೇ ಜನ ಗಿಡ ಕಾಣುತ್ತಾರೆ. ಹತ್ತಿ ಗಾಡಿಯವನ ಪಾತ್ರಕ್ಕೆ ಊರಿನ ಒಳ್ಳೆಯ ನಟನನ್ನೇ ಹಾಕಬೇಕು, ಮಾತು ಒಂದೆರಡೇ ಇದ್ದರೂ. ಆದರೆ ಕೊಡ ಎರಡೂ ನಿಜವಾದವೇ ಇರಲಿ, ತುಂಬಿದ ನೀರೂ ನಿಜವಾದದ್ದೇ ಇರಲಿ. ಜಮಖಾನೆ ತೊಯ್ದೀತು, ಪೇಟಿ ಮಾಸ್ತರರು ಬೈದಾರು. ಅವರನ್ನು ನಾಲ್ಕು ಮೊಳ ಹಿಂದಕ್ಕೆ ಕೂರಿಸಿದರಾಯಿತು.